ಹೈದರಾಬಾದಿನ ರಹೀಂ ಸಾಹೇಬರು

ಪುಣೆಯ ನಮ್ಮ ಹಾಸ್ಟೆಲಿನಲ್ಲಿ ಫುಟ್‌ಬಾಲ್ ಮ್ಯಾಚು ಮುಗಿದ ರಾತ್ರಿ ಒಂದು ವಾದ ತಪ್ಪಿದ್ದಲ್ಲ. ಸಣ್ಣ ಕ್ಲಬ್ಬನ್ನು ಗೆಲ್ಲಿಸಿದ ಕೋಚು ದೊಡ್ಡ ಕ್ಲಬ್ಬಿನಲ್ಲಿ ನಿಲ್ಲುತ್ತಾನೋ ಇಲ್ಲವೋ? ಗೆಳೆಯರು ಕೂಡಲೇ ಬ್ರಯನ್ ಕ್ಲಫ್ ಹೆಸರೆತ್ತುತ್ತಾರೆ. 1972ರಲ್ಲಿ ಡರ್ಬಿ ಕೌಂಟಿಯನ್ನು ಇಂಗ್ಲೆಂಡಿನ ಚಾಂಪಿಯನ್ ಮಾಡಿದಾತ 1974ರಲ್ಲಿ ಲೀಡ್ಸ್‌ನಲ್ಲಿ ಉಳಿದದ್ದು ಬರೇ 44 ದಿನ. ನಾನು ಮಾತ್ರ ಸೈಯದ್ ಅಬ್ದುಲ್ ರಹೀಂ ಅವರ ಹೆಸರು ಹೇಳುತ್ತೇನೆ.

1909ರಲ್ಲಿ ಹುಟ್ಟಿದ ರಹೀಂ ಹೈದರಾಬಾದಿನಲ್ಲಿ ಶಾಲಾ ಮಾಸ್ತರರು. ಅಲ್ಲಿನ ಸಿಟಿ ಪೊಲೀಸ್ ತಂಡವನ್ನು ತಿದ್ದಿ ಬೆಳೆಸಿದರು. ಆಗ ಫುಟ್‌ಬಾಲ್ ಅಂದರೆ ಕಲ್ಕತ್ತಾ. ಹೆಸರು, ಜನ ಎಲ್ಲಾ ಅಲ್ಲೇ. ಅಂಥದ್ದರಲ್ಲಿ ಈ ಪೊಲೀಸರು 1950ರಿಂದ 1954ರವರೆಗೆ ಸತತ 5 ಸಲ ಮುಂಬಯಿಯ ರೋವರ್ಸ್ ಕಪ್ ಗೆದ್ದರು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಕುಣಿಯದೆ ತಟ್ಟನೆ ಜೊತೆಗಾರನಿಗೆ ದಾಟಿಸಬೇಕು, ಎರಡೂ ಕಾಲಿನಿಂದ ಒದೆಯಬೇಕು. ಇದೇ ಅವರ ಪಾಠ.

ಆಮೇಲೆ ಭಾರತ ತಂಡ ಕೈಗೆ ಬಂತು. ದೇಶದ ತಂಡ ಕ್ಲಬ್ಬಲ್ಲ ಅಂತ ಗೆಳೆಯರು ತಕರಾರು ತೆಗೀತಾರೆ. ನಿಜವೇ. ಆದರೆ ಕಷ್ಟ ಒಂದೇ ತಾನೆ? ಕಲ್ಕತ್ತಾದ ಹೆಸರುವಾಸಿ ಆಟಗಾರರು ಒಬ್ಬ ಮಾಸ್ತರರ ಮಾತು ಕೇಳಬೇಕಿತ್ತು.

1951ರ ದಿಲ್ಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಬಂತು. ನಾನು ಕಾಮರ್ಸ್ ಹುಡುಗ, ಜಮೆ ಬರೆದು ಖರ್ಚು ಬಿಡೋ ಹಾಗಿಲ್ಲ. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯದ ಎದುರು 10-1ರ ಸೋಲು. ನಮ್ಮವರಲ್ಲಿ ಹಲವರು ಬರಿಗಾಲಲ್ಲಿ ಆಡಿದ್ದರು. ಆ ಒಂದೇ ಗೋಲು ನಮ್ಮ ಬೆಂಗಳೂರಿನ ಅಹ್ಮದ್ ಖಾನರದು. ಕ್ಲಫ್‌ಗೆ ಸಿಗದ ಕಾಲಾವಕಾಶ ರಹೀಂ ಸಾಹೇಬರಿಗೆ ಸಿಕ್ಕಿತು. ಬೂಟು ಕಡ್ಡಾಯವಾಯಿತು, ಆಟ ಬದಲಾಯಿತು. 1956ರಲ್ಲಿ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ 4ನೇ ಸ್ಥಾನ!

1962ರ ಜಕಾರ್ತದಲ್ಲಿ ಮೊದಲ ಪಂದ್ಯವನ್ನೇ ದಕ್ಷಿಣ ಕೊರಿಯಾಕ್ಕೆ 2-0ಯಿಂದ ಸೋತರು. ನಡುವೆ ಡಿಫೆಂಡರ್ ಜರ್ನೈಲ್ ಸಿಂಗರ ತಲೆಗೆ ಪೆಟ್ಟು. ರಹೀಂ ಅವರನ್ನು ಹೊರಗೆ ಕೂಡಿಸಲಿಲ್ಲ, ಮುಂದೆ ತಂದು ಆಡಿಸಿದರು. ಸೆಪ್ಟೆಂಬರ್ 4ರ ಫೈನಲ್ಲಿನಲ್ಲಿ ಅದೇ ಕೊರಿಯಾವನ್ನು 2-1ರಿಂದ ಸೋಲಿಸಿದರು. ಒಂದು ಗೋಲು ಪಿ.ಕೆ. ಬ್ಯಾನರ್ಜಿಯವರದು, ಇನ್ನೊಂದು ಅದೇ ಜರ್ನೈಲರದು.

ಒಂಬತ್ತೇ ತಿಂಗಳು. 1963ರ ಜೂನ್ 11ರಂದು ಕ್ಯಾನ್ಸರ್ ರಹೀಂ ಸಾಹೇಬರನ್ನು ಒಯ್ದಿತು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನ ಚಿನ್ನ ಭಾರತಕ್ಕೆ ಮತ್ತೆ ಬಂದಿಲ್ಲ.

ಊರಿನ ಕನ್ನಡ ಶಾಲೆಯಿಂದ ಈ ದೊಡ್ಡ ಕಾಲೇಜಿಗೆ ಬಂದ ನನ್ನಂಥವರಿಗೆ ಈ ವಾದ ಬರೀ ಆಟದ್ದಲ್ಲ. ಮೊದಲ ಟೆಸ್ಟಿನ ಮಾರ್ಕು ನೋಡಿ ನಾನೂ ಗಂಟುಮೂಟೆ ಕಟ್ಟುವವನಿದ್ದೆ. 10-1ರ ದಿನವೇ ರಹೀಂ ಸಾಹೇಬರ ಲೆಕ್ಕ ಮುಗಿಸಿದ್ದರೆ ಜಕಾರ್ತ ಎಲ್ಲಿರುತ್ತಿತ್ತು, ನೀವೇ ಹೇಳಿ.