ಡಾ. ಎಂ.ವಿ. ಗೋವಿಂದಸ್ವಾಮಿ

ಮಕ್ಕಳೇ, ಕಾದ ಪಾತ್ರೆ ಮುಟ್ಟಿದೊಡನೆ ನಿಮ್ಮ ಕೈ ಥಟ್ಟನೆ ಹಿಂದೆ ಸರಿಯುತ್ತದೆ, ಅಲ್ಲವೆ? ಚರ್ಮದಿಂದ ಹೊರಟ ಸುದ್ದಿ ನರದ ಮೂಲಕ ಬೆನ್ನೆಲುಬಿನೊಳಗಿನ ಮಿದುಳುಬಳ್ಳಿಗೆ ಹೋಗುತ್ತದೆ. ಅಲ್ಲಿಂದಲೇ ಕೈಯ ಸ್ನಾಯುಗಳಿಗೆ ಆಜ್ಞೆ ಬರುತ್ತದೆ. ಮಿದುಳಿಗೆ ಸುದ್ದಿ ಮುಟ್ಟಿ ಉರಿ ಗೊತ್ತಾಗುವುದು ಆಮೇಲೆ! ಮಿದುಳು, ಮಿದುಳುಬಳ್ಳಿ, ನರಗಳು ಸೇರಿ ನರಮಂಡಲವಾಗಿದೆ.

ಯೋಚನೆ, ನೆನಪು, ಭಯ, ಸಂತೋಷ ಕೂಡ ಮಿದುಳಿನ ಕೆಲಸವೇ. ಹಾಗಾದರೆ ಅದಕ್ಕೂ ಕಾಯಿಲೆ ಬರಬಹುದಲ್ಲವೆ? ಹಿಂದೆ ಬಹಳ ಜನ ಇದನ್ನು ಒಪ್ಪುತ್ತಿರಲಿಲ್ಲ. ದೆವ್ವ ಹಿಡಿದಿದೆ ಎಂದು ರೋಗಿಯನ್ನು ಕಟ್ಟಿಹಾಕುತ್ತಿದ್ದರು. (ಈಗಲೂ ಅಲ್ಲಲ್ಲಿ ಹೀಗೆ ಮಾಡುವವರಿದ್ದಾರೆ.)

1904ರಲ್ಲಿ ಹುಟ್ಟಿದ ಗೋವಿಂದಸ್ವಾಮಿ ಇಂಥ ರೋಗಿಗಳ ವೈದ್ಯರಾದರು. ಇಂಗ್ಲೆಂಡ್, ಅಮೆರಿಕಗಳಲ್ಲಿ ಕಲಿತು ಬಂದು ಬೆಂಗಳೂರಿನ ಸರ್ಕಾರಿ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾದರು. ಆಗ ರೋಗಿಗಳು ಬಹಳ, ಈ ವಿಷಯ ಕಲಿತ ವೈದ್ಯರು ಕಡಿಮೆ. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಗೋವಿಂದಸ್ವಾಮಿಯವರೇ ಮೊದಲ ನಿರ್ದೇಶಕರು. ಕೆಲವೇ ವರ್ಷಗಳಲ್ಲಿ ವೈದ್ಯರ ಜೊತೆಗೆ ದಾದಿಯರಿಗೂ ಅಲ್ಲಿ ತರಬೇತಿ ಶುರುವಾಯಿತು. ದಾದಿಯರಿಗೆ ಏಕೆ ಎನ್ನುವಿರಾ? ವೈದ್ಯರು ಬಂದು ನೋಡಿ ಹೋಗುತ್ತಾರೆ. ರೋಗಿ ನಿದ್ದೆ ಮಾಡಿದನೆ, ಕೈ ನಡುಗಿತೆ, ಊಟ ಬೇಡವೆಂದನೆ ಎಂದು ಹಗಲಿರುಳು ಗಮನಿಸುವವರು ದಾದಿಯರು. ನರಮಂಡಲದ ತಿಳಿವಳಿಕೆ ಇಲ್ಲದಿದ್ದರೆ ಆ ನಡುಕದ ಅರ್ಥ ಅವರಿಗೆ ತಿಳಿಯುವುದು ಹೇಗೆ?

ಗೋವಿಂದಸ್ವಾಮಿ 1961ರಲ್ಲಿ ತೀರಿಕೊಂಡರು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು. ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಕಡೆಯ ರೋಗಿಗಳು ಬಸ್ಸು ಹತ್ತಿ ಬೆಂಗಳೂರಿಗೆ ಹೋಗುವುದು ಇದೇ ಆಸ್ಪತ್ರೆಗೆ.