ಮೈಕೆಲ್ ಫ್ಯಾರಡೆ: ಕ್ಷಣಮಾತ್ರ ಅಲುಗಿದ ಸೂಜಿ

ದ್ವಿತೀಯ ಪಿಯುಸಿ ಭೌತಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಮೈಕೆಲ್ ಫ್ಯಾರಡೆಯವರ ಹೆಸರು ಬರುತ್ತದೆ. ನಿಯಮ ಬಾಯಿಪಾಠ ಮಾಡಿ, ಲೆಕ್ಕ ಬಿಡಿಸಿ ನಾವು ಏಳನೆಯ ಅಧ್ಯಾಯಕ್ಕೆ ಹೋಗುತ್ತೇವೆ. ಈ ವರ್ಷ ವಿಜ್ಞಾನ ಮಾದರಿಗಾಗಿ ಸೆನ್ಸರ್‌ಗಳ ಜೊತೆ ಕೆಲಸ ಮಾಡುವಾಗ ನನಗೆ ಅವರ ಜೀವನವನ್ನೇ ಓದಬೇಕೆನಿಸಿತು. ಓದಿದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳುತ್ತಿದ್ದೇನೆ.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಈಗ ಲಂಡನ್ ನಗರಕ್ಕೆ ಸೇರಿರುವ ನ್ಯೂವಿಂಗ್ಟನ್‌ನಲ್ಲಿ. ತಂದೆ ಕಮ್ಮಾರರು, ಆರೋಗ್ಯ ಸರಿಯಿರಲಿಲ್ಲ. ಬಾಲಕ ಮೈಕೆಲ್‌ಗೆ ಒಂದು ವಾರಕ್ಕೆ ಒಂದೇ ಬ್ರೆಡ್ಡು ಸಿಗುತ್ತಿದ್ದ ದಿನಗಳೂ ಇದ್ದವು. ಓದು, ಬರಹ, ಸ್ವಲ್ಪ ಲೆಕ್ಕ ಕಲಿಯುವಷ್ಟಕ್ಕೆ ಶಾಲೆ ಮುಗಿಯಿತು. 14ನೆಯ ವಯಸ್ಸಿನಲ್ಲಿ ಪುಸ್ತಕ ಬೈಂಡಿಂಗ್ ಮಾಡುವ ಜಾರ್ಜ್ ರೀಬೋ ಎಂಬುವರ ಅಂಗಡಿಗೆ ಕೆಲಸ ಕಲಿಯಲು ಸೇರಿದರು. ಅಲ್ಲಿ ಏಳು ವರ್ಷ ಕಳೆದವು. ಬೈಂಡಿಂಗ್‌ಗೆ ಬಂದ ಪುಸ್ತಕಗಳನ್ನು ಅವರು ಹೊಲಿಯುವುದಷ್ಟೇ ಅಲ್ಲ, ಓದಿಯೂ ಮುಗಿಸುತ್ತಿದ್ದರು. ಬ್ರಿಟಾನಿಕಾ ವಿಶ್ವಕೋಶದಲ್ಲಿ ವಿದ್ಯುತ್ತಿನ ಬಗ್ಗೆ ಇದ್ದ ಲೇಖನವೂ, ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದ ರಸಾಯನಶಾಸ್ತ್ರದ ಪುಸ್ತಕವೂ ಅವರ ದಾರಿಯನ್ನು ಬದಲಿಸಿದವು.

1812ರಲ್ಲಿ ಅಂಗಡಿಯ ಗ್ರಾಹಕರೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ನಡೆಯುತ್ತಿದ್ದ ಹಂಫ್ರಿ ಡೇವಿಯವರ ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ಫ್ಯಾರಡೆ ಎಲ್ಲವನ್ನೂ ಟಿಪ್ಪಣಿ ಮಾಡಿ, ಚಿತ್ರ ಬಿಡಿಸಿ, ತಮ್ಮ ಕೈಯಾರೆ ಬೈಂಡ್ ಮಾಡಿ ಡೇವಿಯವರಿಗೆ ಕಳುಹಿಸಿದರು. 1813ರ ಮಾರ್ಚ್‌ನಲ್ಲಿ ಅಲ್ಲಿಯೇ ಪ್ರಯೋಗಾಲಯದ ಸಹಾಯಕನ ಕೆಲಸ ಸಿಕ್ಕಿತು. ಸಂಬಳ ವಾರಕ್ಕೆ 25 ಷಿಲ್ಲಿಂಗ್. ಡೇವಿ ದಂಪತಿಯ ಜೊತೆ ಯೂರೋಪ್ ಪ್ರವಾಸಕ್ಕೆ ಹೋದಾಗ ಸೇವಕನ ಕೆಲಸವನ್ನೂ ಮಾಡಬೇಕಾಯಿತು. ಅವರು ಅದನ್ನು ಸಹಿಸಿಕೊಂಡು ಕಲಿಯುವುದನ್ನು ಕಲಿತು ಬಂದರು.

1820ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್ ಅವರು ವಿದ್ಯುತ್ ಹರಿಯುವ ತಂತಿಯ ಬಳಿ ಕಾಂತಸೂಜಿ ತಿರುಗುತ್ತದೆಂದು ತೋರಿಸಿದ್ದರು. ಹಾಗಾದರೆ ಕಾಂತದಿಂದ ವಿದ್ಯುತ್ ಬರಬಾರದೇಕೆ? ಫ್ಯಾರಡೆ 1825ರಲ್ಲಿ ಎರಡು ತಂತಿಗಳನ್ನು ಅಕ್ಕಪಕ್ಕ ಇಟ್ಟು, ಒಂದರಲ್ಲಿ ವಿದ್ಯುತ್ ಹರಿಸಿ, ಇನ್ನೊಂದರಲ್ಲಿ ಏನಾದರೂ ಕಾಣುತ್ತದೆಯೇ ಎಂದು ನೋಡಿದರು. ಏನೂ ಕಾಣಲಿಲ್ಲ. ಅದೇ ವರ್ಷ ಜಿನೀವಾದ ಕೊಲಾಡಾನ್ ಎಂಬ ವಿಜ್ಞಾನಿ ಸುರುಳಿಯೊಳಗೆ ಕಾಂತವನ್ನು ತೂರಿಸಿ ನೋಡಿದರು. ಕಾಂತವೇ ನೇರವಾಗಿ ಗ್ಯಾಲ್ವನೋಮೀಟರಿನ ಸೂಜಿಯನ್ನು ಎಳೆಯಬಾರದೆಂದು ಅವರು ಉದ್ದ ತಂತಿ ಎಳೆದು ಆ ಉಪಕರಣವನ್ನು ಬೇರೆ ಕೋಣೆಯಲ್ಲಿ ಇಟ್ಟಿದ್ದರು. ಎಚ್ಚರಿಕೆ ಸರಿಯಾದದ್ದೇ. ಆದರೆ ಅವರು ಆ ಕೋಣೆಗೆ ನಡೆದು ಹೋಗುವಷ್ಟರಲ್ಲಿ ಸೂಜಿ ಮತ್ತೆ ಸೊನ್ನೆಗೆ ಬಂದು ನಿಂತಿರುತ್ತಿತ್ತು.

1831ರ ಆಗಸ್ಟ್ 29ರಂದು ಫ್ಯಾರಡೆ ಆರು ಅಂಗುಲ ಅಗಲದ ಮೆದುಕಬ್ಬಿಣದ ಉಂಗುರದ ಎರಡು ಬದಿಗೆ ಎರಡು ಸುರುಳಿ ಸುತ್ತಿದರು. ತಂತಿ ತಂತಿಗೆ ತಾಗದಂತೆ ನಡುವೆ ದಾರ, ಬಟ್ಟೆ. ಒಂದು ಸುರುಳಿಗೆ ಬ್ಯಾಟರಿ. ಇನ್ನೊಂದರ ತಂತಿಯನ್ನು ಮೂರು ಅಡಿ ದೂರದ ಕಾಂತಸೂಜಿಯ ಮೇಲೆ ಹಾಯಿಸಿದ್ದರು. ಬ್ಯಾಟರಿ ಸೇರಿಸಿದಾಗ ಸೂಜಿ ಅಲುಗಿ ಸುಮ್ಮನಾಯಿತು. ಬಿಡಿಸಿದಾಗ ಮತ್ತೆ ಅಲುಗಿತು. ನಡುವೆ ವಿದ್ಯುತ್ ಎಷ್ಟು ಹೊತ್ತು ಹರಿದರೂ ಏನೂ ಇಲ್ಲ. ಬೇರೆಯವರಾಗಿದ್ದರೆ ಮೇಜು ಅಲುಗಿರಬೇಕು, ಗಾಳಿ ಬೀಸಿರಬೇಕು ಎಂದು ಬಿಟ್ಟುಬಿಡುವ ಸಾಧ್ಯತೆ ಇತ್ತು. ಫ್ಯಾರಡೆ ಅದನ್ನೇ ಹಿಡಿದರು. ವಿದ್ಯುತ್ ಬದಲಾಗುವಾಗ ಮಾತ್ರ ಪಕ್ಕದ ತಂತಿಯಲ್ಲಿ ಪರಿಣಾಮ ಹುಟ್ಟುತ್ತದೆ. ಜನರೇಟರ್, ಟ್ರಾನ್ಸ್‌ಫಾರ್ಮರ್ ಎಲ್ಲವೂ ಈ ಒಂದು ಅಲುಗಾಟದಿಂದ ಬಂದವು.

ಸೆನ್ಸರ್‌ಗಳನ್ನು ಕಾಡುವ ಕ್ರಾಸ್‌ಟಾಕ್ ಕೂಡ ಅದರಿಂದಲೇ ಬಂದದ್ದು. ಒಂದು ತಂತಿಯ ಸಂಕೇತ ಪಕ್ಕದ ತಂತಿಗೆ ಹಾರುವುದೇ ಕ್ರಾಸ್‌ಟಾಕ್. ನಮ್ಮ ತಂಡದ ಮಾದರಿಯಲ್ಲಿ ಮಣ್ಣಿನ ತೇವ ಅಳೆಯುವ ಒಂದು ಸೆನ್ಸರ್, ಉಷ್ಣತೆ ಅಳೆಯುವ ಒಂದು ಸೆನ್ಸರ್, ಒಂದು ಆರ್ಡುಯಿನೊ ಬೋರ್ಡ್, ಒಂದು ಚಿಕ್ಕ ಪಂಪು ಇದ್ದವು. ಪಂಪು ಶುರುವಾದ ಕ್ಷಣ, ನಿಂತ ಕ್ಷಣ ಉಷ್ಣತೆಯ ಅಂಕಿ ಜಿಗಿಯುತ್ತಿತ್ತು. ಸೆನ್ಸರ್ ಕೆಟ್ಟಿದೆ ಎಂದು ಹೊಸದು ತರುವ ಮಾತು ಬಂತು. ಅದಕ್ಕೆ ಮೊದಲು ಸೆನ್ಸರ್ ತೆಗೆದು ಆ ಜಾಗದಲ್ಲಿ ಮಾಮೂಲಿ ರೆಸಿಸ್ಟರ್ ಹಾಕಿ ನೋಡಿದೆವು. ಅಂಕಿ ಆಗಲೂ ಜಿಗಿಯಿತು. ಅಂದರೆ ತಪ್ಪು ಸೆನ್ಸರಿನದಲ್ಲ. ಆಮೇಲೆ ಒಂದೊಂದನ್ನೇ ಬದಲಿಸುತ್ತ ಹೋದೆವು. ಒಂದೇ ಕಟ್ಟಿನಲ್ಲಿದ್ದ ಪಂಪಿನ ತಂತಿಯನ್ನೂ ಸೆನ್ಸರ್ ತಂತಿಯನ್ನೂ ಬೇರೆ ಮಾಡಿದಾಗ ಜಿಗಿತ ಕಡಿಮೆಯಾಯಿತು. ಸೆನ್ಸರಿನ ಸಂಕೇತದ ತಂತಿಯನ್ನು ಅದರ ಗ್ರೌಂಡ್ ತಂತಿಯ ಜೊತೆ ಜಡೆಯಂತೆ ಹೆಣೆದಾಗ ಇನ್ನೂ ಕಡಿಮೆಯಾಯಿತು. ಹೆಣೆದ ತಂತಿಯಲ್ಲಿ ಪ್ರತಿ ತಿರುವಿನಲ್ಲೂ ಹುಟ್ಟುವ ವೋಲ್ಟೇಜು ಪಕ್ಕದ ತಿರುವಿನದಕ್ಕೆ ವಿರುದ್ಧವಾಗಿರುವುದರಿಂದ ಎರಡೂ ಪರಸ್ಪರ ಕಳೆದುಹೋಗುತ್ತವೆ. ಪಂಪಿನ ಗ್ರೌಂಡನ್ನು ಸೆನ್ಸರಿನ ಗ್ರೌಂಡ್ ತಂತಿಯ ಮೂಲಕ ತರದೆ ನೇರವಾಗಿ ಬ್ಯಾಟರಿಗೆ ಕೊಟ್ಟಾಗ ಉಳಿದದ್ದೂ ನಿಂತಿತು.

ಫ್ಯಾರಡೆಯವರ ಮುಂದಿನ ಕೆಲಸವೂ ನಮಗೆ ಬೇಕಾದದ್ದೇ. 1836ರಲ್ಲಿ ಅವರು 12 ಅಡಿ ಉದ್ದಗಲ ಎತ್ತರದ ದೊಡ್ಡ ಪೆಟ್ಟಿಗೆ ಕಟ್ಟಿಸಿದರು. ಮರದ ಚೌಕಟ್ಟು, ಅದರ ಮೇಲೆ ತಂತಿ, ತವರದ ಹಾಳೆ. ಹೊರಗಿನಿಂದ ಕಿಡಿ ಹಾರುವಷ್ಟು ವಿದ್ಯುದಾವೇಶ ಕೊಡಿಸಿ, ತಾವೇ ಒಳಗೆ ಹೋಗಿ ಉಪಕರಣಗಳಿಂದ ಪರೀಕ್ಷಿಸಿದರು. ಒಳಗೆ ಏನೂ ಸಿಗಲಿಲ್ಲ. ಸೆನ್ಸರ್ ಕೇಬಲ್‌ಗೆ ಲೋಹದ ಜಾಲರಿ ಹೊದಿಸಿ ಗ್ರೌಂಡ್ ಮಾಡುವುದರ ಮೂಲ ಇದು. ಆದರೆ ಈ ಹೊದಿಕೆ ತಡೆಯುವುದು ವಿದ್ಯುತ್ ಕ್ಷೇತ್ರವನ್ನು. ನಿಧಾನವಾಗಿ ಬದಲಾಗುವ ಕಾಂತಕ್ಷೇತ್ರ ತೆಳು ತಾಮ್ರವನ್ನು ದಾಟಿ ಬರುತ್ತದೆ. ಅದಕ್ಕೆ ದೂರ ಮತ್ತು ಹೆಣಿಗೆಯೇ ಮದ್ದು.

1837ರ ಸುಮಾರಿಗೆ ಅವರು ಎರಡು ಲೋಹಗಳ ನಡುವಿನ ಗಾಜು, ಗಂಧಕದಂತಹ ವಸ್ತುಗಳು ಆವೇಶವನ್ನು ಹಿಡಿದಿಡುವ ಶಕ್ತಿಯನ್ನು ಹೇಗೆ ಬದಲಿಸುತ್ತವೆಂದು ಅಳೆದರು. 1854ರಲ್ಲಿ, ನೀರಿನಲ್ಲಿ ಮುಳುಗಿಸಿದ ಟೆಲಿಗ್ರಾಫ್ ತಂತಿಯಲ್ಲಿ ಸಂಕೇತ ಏಕೆ ತಡವಾಗುತ್ತದೆ ಎಂಬುದನ್ನು ಅದೇ ತಿಳಿವಳಿಕೆಯಿಂದ ವಿವರಿಸಿದರು: ಒಳಗಿನ ತಾಮ್ರ ಮತ್ತು ಹೊರಗಿನ ನೀರು ಸೇರಿ ಒಂದು ದೊಡ್ಡ ಕೆಪಾಸಿಟರ್ ಆಗಿದ್ದವು. ಆರ್ಡುಯಿನೊ ಊನೊ ಬೋರ್ಡಿನಲ್ಲಿಯೂ ಇದನ್ನು ನೋಡಬಹುದು. ಅದರ ಆರು ಅನಲಾಗ್ ಪಿನ್‌ಗಳಿಗೆ ಅಳೆಯುವ ಭಾಗ ಒಂದೇ. ಅದು ಸರದಿಯಂತೆ ಪ್ರತಿ ಪಿನ್ನಿನಿಂದ ಸುಮಾರು 14 ಪಿಕೊಫ್ಯಾರಡ್‌ನ ಪುಟ್ಟ ಕೆಪಾಸಿಟರನ್ನು ತುಂಬಿಕೊಳ್ಳುತ್ತದೆ. ಒಂದು ಪಿನ್ನನ್ನು ಖಾಲಿ ಬಿಟ್ಟು ಓದಿದರೆ, ಹಿಂದಿನ ಪಿನ್ನಿನ ಆವೇಶ ಉಳಿದು, ಪಕ್ಕದ ಅಂಕಿಯ ನೆರಳೇ ಇಲ್ಲಿಯೂ ಕಾಣುತ್ತದೆ. ಅದಕ್ಕಾಗಿಯೇ ಸೆನ್ಸರಿನ ಕಡೆಯ ರೋಧ ಸುಮಾರು 10 ಕಿಲೊಓಮ್ ಒಳಗಿರಬೇಕೆಂದು ಚಿಪ್ ತಯಾರಕರು ಹೇಳುತ್ತಾರೆ. ಪಿನ್ ಬದಲಿಸಿದ ಮೇಲೆ ಮೊದಲ ಓದನ್ನು ಬಿಟ್ಟು ಎರಡನೆಯದನ್ನು ತೆಗೆದುಕೊಳ್ಳುವುದೂ ವಾಡಿಕೆ. ಫ್ಯಾರಡ್ ಎಂಬ ಮಾನವೇ ಅವರ ಹೆಸರಿನದು.

ಫ್ಯಾರಡೆಯವರಿಗೆ ಉನ್ನತ ಗಣಿತ ಬರುತ್ತಿರಲಿಲ್ಲ. ಅವರ ಬಳಿ ಇದ್ದದ್ದು ಕಣ್ಣು, ಕೈ, ತಾಳ್ಮೆ ಮತ್ತು ದಿನಚರಿ. ಪ್ರಯೋಗಗಳ ದಿನಚರಿಯಲ್ಲಿ ಅವರು ಕ್ರಮಸಂಖ್ಯೆ ಹಾಕಿ ಬರೆದ ಟಿಪ್ಪಣಿಗಳು 16 ಸಾವಿರ ದಾಟುತ್ತವೆ. ಸೋತ ಪ್ರಯೋಗಗಳೂ ಅಲ್ಲಿವೆ. 1862ರ ಮಾರ್ಚ್‌ನಲ್ಲಿ, 70ರ ವಯಸ್ಸಿನಲ್ಲಿ, ಕಾಂತದಿಂದ ಬೆಳಕಿನ ವರ್ಣರೇಖೆ ಬದಲಾಗುತ್ತದೆಯೇ ಎಂದು ನೋಡಿ, ಏನೂ ಕಾಣಲಿಲ್ಲವೆಂದು ಹಾಗೆಯೇ ಬರೆದಿಟ್ಟರು. 1896ರಲ್ಲಿ ಹಾಲೆಂಡಿನ ಝೀಮನ್ ಇನ್ನೂ ಉತ್ತಮ ಉಪಕರಣದಿಂದ ಅದೇ ಪರಿಣಾಮವನ್ನು ಕಂಡುಹಿಡಿದರು.

ಅವರು ಆಳವಾದ ದೈವಭಕ್ತಿಯ ಮನುಷ್ಯ. ಚಿಕ್ಕದೊಂದು ಕ್ರೈಸ್ತ ಪಂಗಡದಲ್ಲಿ ಹಿರಿಯರಾಗಿದ್ದರು. ಸರ್ ಪದವಿ ಬೇಡವೆಂದರು, ರಾಯಲ್ ಸೊಸೈಟಿಯ ಅಧ್ಯಕ್ಷ ಸ್ಥಾನವನ್ನು ಎರಡು ಬಾರಿ ನಿರಾಕರಿಸಿದರು. ಮಕ್ಕಳಿಗಾಗಿ ನಡೆಯುವ ಕ್ರಿಸ್‌ಮಸ್ ಉಪನ್ಯಾಸಮಾಲೆಯನ್ನು ಮಾತ್ರ 19 ವರ್ಷ ತಾವೇ ನಡೆಸಿಕೊಟ್ಟರು. 1867ರ ಆಗಸ್ಟ್ 25ರಂದು ತೀರಿಕೊಂಡರು. ಸಮಾಧಿ ಲಂಡನ್‌ನ ಹೈಗೇಟ್ ಸ್ಮಶಾನದಲ್ಲಿದೆ.

ಪ್ರಾಕ್ಟಿಕಲ್ ರೆಕಾರ್ಡ್ ಬರೆಯುವಾಗ ಹೊಂದದ ಅಂಕಿಯನ್ನು ಬಿಟ್ಟು, ಪುಸ್ತಕದಲ್ಲಿರುವ ಉತ್ತರಕ್ಕೆ ಹತ್ತಿರದ್ದನ್ನು ಬರೆಯುವ ಆಸೆ ಯಾರಿಗೂ ಬರಬಹುದು. ನಮ್ಮ ಮನೆಗಳಲ್ಲಿ ಅಮಾನತ್ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೇವೆ: ನಂಬಿ ಕೊಟ್ಟದ್ದನ್ನು ಇದ್ದ ಹಾಗೆಯೇ ಒಪ್ಪಿಸಬೇಕು. ಉಪಕರಣ ತೋರಿಸಿದ ಅಂಕಿಯೂ ಒಂದು ಅಮಾನತ್ ಎಂದು ನನಗೆ ಅನಿಸುತ್ತದೆ. ಮೊದಲು ಅದನ್ನು ಇದ್ದ ಹಾಗೆ ಬರೆಯೋಣ. ಅದು ಎಲ್ಲಿಂದ ಬಂತೆಂದು ಆಮೇಲೆ ಒಂದೊಂದೇ ತಂತಿ ಬಿಡಿಸಿ ಹುಡುಕೋಣ.