ಪುರಸಭೆಯ ವಲ್ಲಭಭಾಯಿ

ಸರದಾರ ವಲ್ಲಭಭಾಯಿ ಪಟೇಲರ ಹೆಸರನ್ನೆತ್ತಿದೊಡನೆ ನಮ್ಮ ಜನರ ಕಣ್ಣೆದುರಿಗೆ ಬಾರ್ಡೋಲಿಯ ಸತ್ಯಾಗ್ರಹವು ನಿಲ್ಲುತ್ತದೆ. ಇಲ್ಲವೆ ೫೦೦ಕ್ಕೂ ಮಿಕ್ಕ ಸಂಸ್ಥಾನಗಳನ್ನು ಒಂದು ರಾಷ್ಟ್ರವಾಗಿ ಬೆಸೆದ ಗೃಹಮಂತ್ರಿಯ ಮೂರ್ತಿಯು ನಿಲ್ಲುತ್ತದೆ. ಚರಂಡಿ, ನಲ್ಲಿ, ಬೀದಿ, ನಿವೇಶನದ ತಕರಾರು, ಇವುಗಳ ನಡುವೆ ಅವರು ಕಳೆದ ವರುಷಗಳನ್ನು ನೆನೆಯುವವರು ವಿರಳ. ಆದರೆ ಅವರು ರಾಜ್ಯಭಾರದ ವಿದ್ಯೆಯನ್ನು ಕಲಿತುದು ಅಹಮದಾಬಾದಿನ ಪುರಸಭೆಯಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ. ಊರಂಚಿನ ಹೊಲಗಳೆಲ್ಲ ಬಡಾವಣೆಗಳಾಗುತ್ತಿರುವ ಈ ಕಾಲದಲ್ಲಿ ಅವರ ಜೀವನದ ಆ ಭಾಗವನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರುತ್ತದೆ.

ವಲ್ಲಭಭಾಯಿಯವರು ೧೮೭೫ರಲ್ಲಿ ಗುಜರಾತಿನ ನಡಿಯಾದಿನಲ್ಲಿ ಒಕ್ಕಲು ಮನೆತನವೊಂದರಲ್ಲಿ ಹುಟ್ಟಿದರು. ೧೯೦೦ರಲ್ಲಿ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಗೋಧ್ರಾದಲ್ಲಿ ಕಸುಬನ್ನು ಆರಂಭಿಸಿದರು. ಅಲ್ಲಿ ಪ್ಲೇಗು ಹಬ್ಬಿದಾಗ ರೋಗಿಯಾದ ಸ್ನೇಹಿತನೊಬ್ಬನಿಗೆ ಶುಶ್ರೂಷೆ ಮಾಡಿ ತಾವೂ ಆ ಬೇನೆಗೆ ಗುರಿಯಾದರು. ಮುಂದೆ ಬೋರಸದಿನಲ್ಲಿ ಫೌಜದಾರಿ ಮೊಕದ್ದಮೆಗಳಲ್ಲಿ ಹೆಸರು ಪಡೆದು, ೧೯೧೦ರಲ್ಲಿ ವಿಲಾಯಿತಿಗೆ ತೆರಳಿ, ೧೯೧೩ರಲ್ಲಿ ಬ್ಯಾರಿಸ್ಟರರಾಗಿ ಹಿಂತಿರುಗಿ ಅಹಮದಾಬಾದಿನಲ್ಲಿ ನೆಲೆಸಿದರು. ಕೈತುಂಬ ಸಂಪಾದನೆಯಿದ್ದಿತು, ಸಂಜೆಗೆ ಗುಜರಾತ್ ಕ್ಲಬ್ಬಿನ ಇಸ್ಪೀಟಿನ ಮೇಜಿದ್ದಿತು. ಸಾರ್ವಜನಿಕ ಕಾರ್ಯದ ಗೋಜು ಅವರಿಗೆ ಬೇಕಿರಲಿಲ್ಲ.

ಆಗಿನ ಅಹಮದಾಬಾದಿನ ಸ್ಥಿತಿಯನ್ನು ಇಲ್ಲಿ ಹೇಳಬೇಕು. ೧೪೧೧ರಲ್ಲಿ ಸ್ಥಾಪಿತವಾದ ಆ ನಗರವು ಸಾಬರಮತಿಯ ಪೂರ್ವದಡದಲ್ಲಿ ಕೋಟೆಗೋಡೆಯೊಳಗೆ ಇಕ್ಕಟ್ಟಾಗಿ ಬೆಳೆದಿತ್ತು. ಪೋಳಗಳೆಂಬ ಕಿರುಗೇರಿಗಳಲ್ಲಿ ಮನೆಗೆ ಮನೆ ಒತ್ತಿಕೊಂಡಿದ್ದವು. ೧೮೬೧ರಲ್ಲಿ ಮೊದಲ ಬಟ್ಟೆ ಗಿರಣಿಯು ಆರಂಭವಾದ ಮೇಲೆ ಕೂಲಿಗಾರರು ಸಾವಿರಗಟ್ಟಲೆ ಬಂದು ಸೇರಿದರು. ೧೯೨೧ರ ವೇಳೆಗೆ ಜನಸಂಖ್ಯೆಯು ೨.೫ ಲಕ್ಷವನ್ನು ಮೀರಿತ್ತು. ಆ ಗಿರಣಿಯನ್ನು ಸ್ಥಾಪಿಸಿದ ರಣಛೋಡಲಾಲ ಛೋಟಾಲಾಲರೇ ಪುರಸಭೆಯ ಮುಖ್ಯಸ್ಥರಾಗಿ, ಜನರ ವಿರೋಧವನ್ನೂ ಸಹಿಸಿ, ೧೮೯೦ರ ಸುಮಾರಿಗೆ ಕೊಳಾಯಿಯ ನೀರನ್ನೂ ಒಳಚರಂಡಿಯನ್ನೂ ತಂದಿದ್ದರು. ಆದರೆ ಬೆಳೆಯುವ ಊರಿಗೆ ಅದು ಸಾಲದಾಯಿತು.

೧೯೧೭ರಲ್ಲಿ ವಲ್ಲಭಭಾಯಿಯವರು ಪುರಸಭೆಯ ಸದಸ್ಯರಾಗಿ ಚುನಾಯಿತರಾದರು. ಆರೋಗ್ಯ ಸಮಿತಿಯ ಅಧ್ಯಕ್ಷತೆಯು ಅವರ ಪಾಲಿಗೆ ಬಂದಿತು. ಆ ವರುಷವೇ ಪ್ಲೇಗು ಬಂದಿತು. ನದಿಯಾಚೆಯ ಕೋಚರಬದಲ್ಲಿ ಗಾಂಧೀಜಿಯವರು ೧೯೧೫ರಲ್ಲಿ ಕಟ್ಟಿದ ಆಶ್ರಮವು ಸ್ಥಳಾಂತರ ಹೊಂದಿದುದೂ ಈ ಪ್ಲೇಗಿನ ನಿಮಿತ್ತದಿಂದಲೇ. ಅನುಕೂಲವುಳ್ಳವರು ಊರು ಬಿಟ್ಟು ಹೊರಟರು. ಸಮಿತಿಯ ಅಧ್ಯಕ್ಷರು ಊರು ಬಿಡಲಿಲ್ಲ; ಪೋಳಪೋಳಗಳಲ್ಲಿ ತಿರುಗಿ ಶುಚಿಕಾರ್ಯವನ್ನು ಕಣ್ಣಾರೆ ನೋಡಿ ನಡೆಸಿದರು. ಗೋಧ್ರಾದಲ್ಲಿ ಆ ರೋಗದ ರುಚಿಯನ್ನು ಉಂಡವರು ಅಪಾಯವನ್ನು ಅರಿಯದೆ ನಿಂತವರಲ್ಲ ಎಂಬುದನ್ನು ನಾವು ಮರೆಯಲಾಗದು.

ಆ ಕಾಲದಲ್ಲಿ ಪುರಸಭೆಯ ಕಮಿಶನರರಾಗಿದ್ದವರು ಶಿಲ್ಲಿಡಿಯೆಂಬ ಐ.ಸಿ.ಎಸ್. ಅಧಿಕಾರಿ. ಚುನಾಯಿತ ಸದಸ್ಯರನ್ನು ಲೆಕ್ಕಿಸದಿರುವುದು ಅಂಥವರ ರೂಢಿ. ಕೆರೆಯ ಜಾಗವೊಂದರ ವ್ಯಾಜ್ಯದಲ್ಲಿ ಅವರು ನಡೆದುಕೊಂಡ ರೀತಿಯನ್ನು ವಲ್ಲಭಭಾಯಿಯವರು ಕಾಗದಪತ್ರಗಳ ಸಮೇತ ಸಭೆಯ ಮುಂದಿಟ್ಟರು. ಅದರಲ್ಲಿ ಬೈಗುಳವಿರಲಿಲ್ಲ, ಭಾವಾವೇಶವಿರಲಿಲ್ಲ. ಫೌಜದಾರಿ ವಕೀಲನ ಶಿಸ್ತು ಇದ್ದಿತು. ಸರಕಾರವು ಆ ಅಧಿಕಾರಿಯನ್ನು ಅಲ್ಲಿಂದ ತೆಗೆಯಬೇಕಾಯಿತು. ಕಾಯಿದೆಯು ಆಳಿಸಿಕೊಳ್ಳುವವರ ಕೈಯಲ್ಲಿಯೂ ಆಯುಧವಾಗಬಲ್ಲುದೆಂದು ಊರು ಅಂದು ಕಂಡಿತು.

ಅಸಹಕಾರದ ದಿನಗಳಲ್ಲಿ ಕದನವು ಹಿರಿದಾಯಿತು. ಪುರಸಭೆಯು ತನ್ನ ಪ್ರಾಥಮಿಕ ಶಾಲೆಗಳಿಗೆ ಸರಕಾರದ ಅನುದಾನವನ್ನು ನಿರಾಕರಿಸಿ ಸರಕಾರದ ತನಿಖೆಯನ್ನೂ ಒಲ್ಲೆನೆಂದಿತು. ೧೯೨೨ರಲ್ಲಿ ಸರಕಾರವು ಪುರಸಭೆಯನ್ನೇ ಅಮಾನತುಗೊಳಿಸಿತು. ಪೌರರ ಹಣವನ್ನು ದುರುಪಯೋಗಪಡಿಸಿದರೆಂದು ವಲ್ಲಭಭಾಯಿ ಮೊದಲಾದವರ ಮೇಲೆ ದಾವೆಯೂ ಬಂದಿತು. ಅದು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಲೆಕ್ಕಪತ್ರವು ಚೊಕ್ಕಟವಾಗಿರುವವನು ಮಾತ್ರವೇ ಸರಕಾರವನ್ನು ಹೀಗೆ ಎದುರಿಸಬಲ್ಲನು.

೧೯೨೪ರಲ್ಲಿ ಅವರು ಪುರಸಭೆಯ ಅಧ್ಯಕ್ಷರಾದರು. ಅಲಹಾಬಾದಿನಲ್ಲಿ ಜವಾಹರಲಾಲರೂ ಕಲಕತ್ತೆಯಲ್ಲಿ ಚಿತ್ತರಂಜನ ದಾಸರೂ ಪಾಟನೆಯಲ್ಲಿ ರಾಜೇಂದ್ರಪ್ರಸಾದರೂ ನಗರಸಭೆಗಳ ಹೊಣೆ ಹೊತ್ತ ಕಾಲವದು. ಆದರೆ ಆ ಕೆಲಸದಲ್ಲಿ ವಲ್ಲಭಭಾಯಿಯವರಷ್ಟು ಆಳವಾಗಿ ಇಳಿದವರು ಕಡಿಮೆ. ನೀರು, ಒಳಚರಂಡಿ, ಬೀದಿ, ಇವು ಅವರ ನಿತ್ಯದ ಚಿಂತೆಯಾದವು.

ಸಾಬರಮತಿಯ ಪಶ್ಚಿಮದಡದ ಎಲಿಸ್‌ಬ್ರಿಜ್ ಉಪನಗರದಲ್ಲಿ ಅವರ ದೂರದೃಷ್ಟಿಯನ್ನು ಕಾಣಬಹುದು. ೧೮೯೨ರ ಉಕ್ಕಿನ ಸೇತುವೆಯ ಆಚೆ ಹೊಲಗಳಿದ್ದವು, ಹಳ್ಳಿಗಳಿದ್ದವು. ಹಣವಂತರ ಬಂಗಲೆಗಳು ಅಲ್ಲಲ್ಲಿ ಏಳುತ್ತಿದ್ದವು. ಹಾಗೆಯೇ ಬಿಟ್ಟಿದ್ದರೆ ಮನೆ ಮೊದಲು, ಬೀದಿ ಆಮೇಲೆ ಎಂಬಂತಾಗುತ್ತಿತ್ತು. ೧೯೧೫ರ ಮುಂಬಯಿ ನಗರಯೋಜನಾ ಕಾಯಿದೆಯು ಇದಕ್ಕೆ ಉಪಾಯವನ್ನು ಕೊಟ್ಟಿತ್ತು: ಒಂದು ಪ್ರದೇಶದ ಹಿಡುವಳಿಗಳನ್ನೆಲ್ಲ ಒಂದುಗೂಡಿಸುವುದು, ಬೀದಿಗೂ ಬಯಲಿಗೂ ಬೇಕಾದ ಪಾಲನ್ನು ತೆಗೆದುಕೊಳ್ಳುವುದು, ಉಳಿದುದನ್ನು ನೆಟ್ಟನೆಯ ನಿವೇಶನಗಳಾಗಿ ಆಯಾ ಒಡೆಯರಿಗೇ ಹಿಂತಿರುಗಿಸುವುದು, ನೆಲದ ಬೆಲೆ ಏರಿದುದರಲ್ಲಿ ಒಂದಂಶವನ್ನು ಅವರಿಂದ ಪಡೆದು ಖರ್ಚಿಗೆ ಹಚ್ಚುವುದು. ಒಡೆಯನು ನೆಲವನ್ನು ಪೂರ್ತಿ ಕಳೆದುಕೊಳ್ಳನು. ಪುರಸಭೆಯು ಸಾಲದಲ್ಲಿ ಮುಳುಗದು. ಪಟೇಲರ ಪುರಸಭೆಯು ಈ ಕಾಯಿದೆಯನ್ನು ಗಟ್ಟಿಯಾಗಿ ಹಿಡಿಯಿತು. ಹೊಲದ ಒಡೆಯರ ತಕರಾರುಗಳನ್ನು ಎದುರಿಸಬೇಕಾಯಿತು. ಆದರೂ ಕೆಲಸವು ನಡೆಯಿತು. ಗುಜರಾತಿನ ನಗರಗಳು ಇಂದಿಗೂ ಇದೇ ಪದ್ಧತಿಯಲ್ಲಿ ಬೆಳೆಯುತ್ತಿವೆ.

೧೯೨೭ರ ಜುಲೈ ತಿಂಗಳಿನಲ್ಲಿ ಗುಜರಾತಿನ ಮೇಲೆ ಮಹಾವೃಷ್ಟಿಯಾಯಿತು. ಮಳೆಯ ನಡುರಾತ್ರಿಯಲ್ಲಿ ಅಧ್ಯಕ್ಷರು ಮನೆಯಿಂದ ಹೊರಬಿದ್ದು, ತಗ್ಗಿನ ಕೇರಿಗಳಲ್ಲಿ ನೀರು ನಿಂತುದನ್ನು ಕಂಡು, ಪುರಸಭೆಯ ಎಂಜಿನಿಯರರನ್ನು ಎಬ್ಬಿಸಿ, ನೀರು ಹರಿದುಹೋಗಲು ದಾರಿ ಮಾಡಿಸಿದರು. ಆ ಮೇಲೆ ಹಳ್ಳಿಗಳ ಪರಿಹಾರಕ್ಕೆ ಕಾರ್ಯಕರ್ತರ ತಂಡಗಳನ್ನು ಕಟ್ಟಿದರು. ನೀರು ಎತ್ತ ನಿಲ್ಲುತ್ತದೆ, ಎಲ್ಲಿ ಒಡೆದರೆ ಹರಿಯುತ್ತದೆ ಎಂಬುದನ್ನು ಬಲ್ಲವರಿಗೇ ಅಂಥ ರಾತ್ರಿಯಲ್ಲಿ ಆಜ್ಞೆ ಮಾಡುವ ಅಧಿಕಾರವಿರುತ್ತದೆ. ೧೯೨೮ರಲ್ಲಿ ಅವರು ಅಧ್ಯಕ್ಷಪದವನ್ನು ಬಿಟ್ಟರು. ಬಾರ್ಡೋಲಿಯ ರೈತರು ಅವರನ್ನು ಸರದಾರನೆಂದು ಕರೆದುದೂ ಆ ವರುಷವೇ. ಹಳ್ಳಿಹಳ್ಳಿಗೂ ಕಾರ್ಯಕರ್ತರನ್ನು ನೇಮಿಸಿ, ದಿನದಿನದ ವರದಿ ತರಿಸಿ, ಅಲ್ಲಿ ನಡೆಸಿದ ವ್ಯವಸ್ಥೆಯಲ್ಲಿ ಪುರಸಭೆಯ ಅಭ್ಯಾಸವೇ ಕಾಣುತ್ತದೆ.

ಸ್ತುತಿಯನ್ನಷ್ಟೇ ಬರೆದು ಮುಗಿಸುವುದು ನ್ಯಾಯವಲ್ಲ. ನದಿಯಾಚೆಯ ಅಗಲವಾದ ಬೀದಿಗಳ ಲಾಭವು ಮೊದಲು ದೊರೆತುದು ಮಧ್ಯಮವರ್ಗದವರಿಗೆ ಮತ್ತು ಸಿರಿವಂತರಿಗೆ. ಆ ಊರಿನ ಸಂಪತ್ತನ್ನು ನೇಯ್ದ ಗಿರಣಿ ಕೂಲಿಗಾರರ ಚಾಳುಗಳು ಬಹುಕಾಲ ನೀರಿಗೂ ಗಾಳಿಗೂ ಪರದಾಡಿದವು. ಮುಂದೆ ಬಂದ ಪುರಸಭೆಗಳಿಗೆ ಪಟೇಲರು ಬಿಟ್ಟುಹೋದ ಸಾಲವೂ ಇದೇ.

ಅವರು ೧೯೫೦ರ ಡಿಸೆಂಬರ್ ೧೫ರಂದು ತೀರಿಕೊಂಡರು. ಅವರ ಹೆಸರಿನ ಬೀದಿಗಳು ಇಂದು ಊರೂರಿಗೂ ಇವೆ. ಆದರೆ ಆ ಬೀದಿಗಳಲ್ಲಿಯೇ ಮಳೆಗಾಲದ ನೀರು ಮನೆ ಹೊಗುವುದುಂಟು; ರಾಜಕಾಲುವೆಯ ಮೇಲೆ ಕಟ್ಟಡವೆದ್ದು, ವ್ಯಾಜ್ಯವು ತಲೆಮಾರಿನವರೆಗೆ ಎಳೆಯುವುದುಂಟು. ಚುನಾವಣೆಯಿಲ್ಲದೆ ವರುಷಗಟ್ಟಲೆ ಅಧಿಕಾರಿಗಳ ಕೈಯಲ್ಲಿ ಉಳಿದ ನಗರಸಭೆಗಳನ್ನೂ ನಾವು ಕಂಡಿದ್ದೇವೆ. ಪರಕೀಯ ಸರಕಾರವು ಪುರಸಭೆಯನ್ನು ಅಮಾನತುಗೊಳಿಸಿದಾಗ ಅಹಮದಾಬಾದಿನ ಜನರು ಸಿಡಿದೆದ್ದರು. ಸ್ವರಾಜ್ಯದಲ್ಲಿ ಅದೇ ಆದಾಗ ನಾವು ಸುಮ್ಮನಿರುವುದು ಯಾವ ನ್ಯಾಯ? ಬಡಾವಣೆಗೆ ಮೊದಲು ಬೀದಿ, ಮನೆಗೆ ಮೊದಲು ಚರಂಡಿ, ದೊಡ್ಡವನಿಗೂ ಚಿಕ್ಕವನಿಗೂ ಒಂದೇ ಕಾಯಿದೆ, ಇಷ್ಟನ್ನು ನಮ್ಮ ನಮ್ಮ ವಾರ್ಡಿನ ಸದಸ್ಯರಿಂದ ಕೇಳಿ ಪಡೆಯುವುದೇ ಸರದಾರರಿಗೆ ನಾವು ಸಲ್ಲಿಸಬಹುದಾದ ಕಾಣಿಕೆ.